ಅಪ್ಪೆಮಿಡಿ ಉಪ್ಪಿನಕಾಯಿ ವೆಬ್‌ಸೈಟಿಗೆ ಏನ್ ಬರೀಬೇಕು ಅಂದ್ರೆ
'ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಮನೆಯವ್ರೇ ಸೇರಿ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾಡ್ತೀವಿ, ಸೈಟಿನ ಮೊದಲ ಪುಟಕ್ಕೆ ಏನ್ ಬರೀಲಿ' ಅಂತ ಕೇಳಿದ್ರಲ್ಲ, ಮೊದ್ಲು ಆ 'ಗ್ರಾಹಕರ ತೃಪ್ತಿಯೇ ನಮ್ಮ ಗುರಿ' ಅನ್ನೋ ಸಾಲು ತೆಗೆದುಬಿಡಿ, ಎಲ್ರೂ ಅದನ್ನೇ ಬರೀತಾರೆ. ನಿಮ್ಮ ಹತ್ರ ಮಾತ್ರ ಇರೋದನ್ನ ಬರೀರಿ, ಮಿಡಿ ಯಾವ ಹೊಳೆ ದಂಡೆ ಮರದ್ದು, ಜೀರಿಗೆ ಪರಿಮಳದ್ದಾ, ತೊಟ್ಟು ಉಳಿಸಿ ಸೊನೆ ಹೋಗದ ಹಾಗೆ ಹೆಂಗೆ ಕೊಯ್ತೀರಿ, ಉಪ್ಪಲ್ಲಿ ಎಷ್ಟು ದಿನ ಹಾಕಿಡ್ತೀರಿ. ಬೆಂಗಳೂರಲ್ಲಿರೋ ಮಲ್ನಾಡಿನವ್ರಿಗೆ ಅಷ್ಟು ಓದಿದ್ರೇ ಬಾಯಲ್ಲಿ ನೀರು ಬರತ್ತೆ ನೋಡಿ. ಅಪ್ಪೆಮಿಡಿಗೆ ಜಿಐ ಟ್ಯಾಗ್ (ಇದು ಈ ಊರಿನ ಕಡೆಯದ್ದೇ ಅನ್ನೋ ಸರ್ಕಾರದ ಗುರುತು) ಇರೋದನ್ನೂ ಹೇಳಿ, ಆದ್ರೆ ಅದನ್ನ ಬಳಸೋಕೆ ನಿಮ್ಮ ಹೆಸರು ನೋಂದಣಿ ಮಾಡಿಸದೆ ಅದರ ಲೋಗೋ ಹಾಕ್ಬೇಡಿ. ತೂಕ, ಬೆಲೆ, ಕೊರಿಯರ್ ಚಾರ್ಜು, ಎಷ್ಟು ತಿಂಗಳು ಕೆಡಲ್ಲ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರು ಎಲ್ಲ ಹುಡುಕದೇ ಸಿಗ್ಲಿ. ಹೆಡ್ಡಿಂಗಲ್ಲಿ 'ಸಾಗರ', 'ಅಪ್ಪೆಮಿಡಿ' ಎರಡೂ ಇರ್ಲಿ, ಗೂಗಲಲ್ಲಿ ಹುಡುಕೋರಿಗೆ ಸಿಗ್ಬೇಕಲ್ಲ. ಫೋಟೋ ಮಾತ್ರ ನಿಮ್ಮನೆ ಭರಣಿದೇ ಹಾಕಿ, ಇಂಟರ್ನೆಟ್ಟಿಂದ ಇಳಿಸಿದ್ದು ಬೇಡ್ವೇ ಬೇಡ.