ಒಂದೇ ವೈರಸ್ ಒಬ್ಬರಿಗೆ ಬರೀ ನೆಗಡಿ, ಇನ್ನೊಬ್ಬರಿಗೆ ಐಸಿಯು. ಇದರಲ್ಲಿ ವಯಸ್ಸು, ಗಂಡು-ಹೆಣ್ಣು ಅನ್ನೋದು ಲೆಕ್ಕಕ್ಕೆ ಬರುತ್ತದೆಯೇ?

ಬರುತ್ತದೆ. ಅದರಲ್ಲೂ ವಯಸ್ಸಿನ ಪಾಲೇ ದೊಡ್ಡದು. ಆದರೆ ಎಲ್ಲ ವೈರಸ್‌ಗಳೂ ಒಂದೇ ತರ ಕಾಡುವುದಿಲ್ಲ.

ಆರ್‌ಎಸ್‌ವಿ ಎಂಬ ವೈರಸ್ ಗಟ್ಟಿಮುಟ್ಟಾದ ದೊಡ್ಡವರಿಗೆ ಸಾಮಾನ್ಯವಾಗಿ ನೆಗಡಿ ಅಷ್ಟೇ. 6 ತಿಂಗಳೊಳಗಿನ ಕೂಸಿಗೆ ಅದೇ ಉಸಿರಾಡಲೂ ಬಿಡದಂತೆ ಕಾಡಬಹುದು. ಕೂಸಿನ ಉಸಿರುನಾಳಗಳು ತುಂಬಾ ಸಣ್ಣವು, ಒಳಗೆ ಸ್ವಲ್ಪ ಊದಿಕೊಂಡು ಕಫ ಕಟ್ಟಿದರೂ ಸಾಕು. ಫ್ಲೂ ಪುಟ್ಟ ಮಕ್ಕಳನ್ನೂ 65 ದಾಟಿದವರನ್ನೂ ಹೆಚ್ಚು ಕಾಡುತ್ತದೆ. 1918ರ ಫ್ಲೂ ಮಾತ್ರ ವಿಚಿತ್ರ, 20ರಿಂದ 40 ವಯಸ್ಸಿನ ಆರೋಗ್ಯವಂತರನ್ನೂ ದೊಡ್ಡ ಸಂಖ್ಯೆಯಲ್ಲಿ ಬಲಿ ತೆಗೆದುಕೊಂಡಿತು. ಕೋವಿಡ್ ಮಕ್ಕಳನ್ನು ಬಹುಮಟ್ಟಿಗೆ ಬಿಟ್ಟು ವಯಸ್ಸಾದವರ ಮೇಲೆ ಬಿತ್ತು.

ವಯಸ್ಸಾದಂತೆ ಎದೆಯೊಳಗಿನ ಥೈಮಸ್ ಗ್ರಂಥಿ ಕುಗ್ಗುತ್ತದೆ. ಅಲ್ಲಿ ಬೆಳೆದು ಬರುವ ಹೊಸ ಟಿ-ಕೋಶಗಳು, ಅಂದರೆ ವೈರಸ್ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು, ಕಡಿಮೆಯಾಗುತ್ತವೆ. ಹಿಂದೆ ಕಂಡಿರದ ವೈರಸ್ ಬಂದರೆ ದೇಹ ತಡವರಿಸುತ್ತದೆ. ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಜೊತೆಗಿದ್ದರಂತೂ ಕೇಳುವುದೇ ಬೇಡ.

ಇನ್ನು ಗಂಡು-ಹೆಣ್ಣಿನ ವಿಷಯ. ಕೋವಿಡ್‌ನಲ್ಲಿ ಒಂದೇ ವಯಸ್ಸಿನವರನ್ನು ಹೋಲಿಸಿದರೂ ಗಂಡಸರಿಗೆ ಅಪಾಯ ಜಾಸ್ತಿ ಇತ್ತು. ಗಂಡಸರು ಹೆಚ್ಚು ಸೇದುತ್ತಾರೆ ಅಂತ ಸುಮ್ನೆ ಸಿಗರೇಟಿನ ಮೇಲೆ ಹಾಕಿಬಿಡುವಂತಿಲ್ಲ. ವೈರಸ್ ಬಂದಿದ್ದನ್ನು ಗುರುತಿಸುವ ಟಿಎಲ್‌ಆರ್7 ಎಂಬ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಂಗಸರಿಗೆ ಎಕ್ಸ್ ಎರಡು, ಗಂಡಸರಿಗೆ ಒಂದೇ. ಆ ಒಂದರಲ್ಲೇ ದೋಷವಿದ್ದರೆ ಬದಲಿ ಇಲ್ಲ ಅಲ್ವಾ? ಇಂಥ ದೋಷವಿದ್ದ ಕೆಲವು ಯುವಕರಿಗೆ ಕೋವಿಡ್ ತೀವ್ರವಾಗಿ ಬಂದಿದ್ದು 2020ರಲ್ಲೇ ಗೊತ್ತಾಯಿತು. ಹಾರ್ಮೋನುಗಳ ಕೈವಾಡವೂ ಇದೆ.

ಹಾಗಂತ ಹೆಂಗಸರು ಸದಾ ಸೇಫ್ ಅಲ್ಲ. ಗರ್ಭಿಣಿಯರಿಗೆ ಫ್ಲೂ, ಕೋವಿಡ್ ಎರಡೂ ಜೋರಾಗಿಯೇ ಬರಬಹುದು.