ಫ್ರೀಜರ್‌ನ ಬಂಗಡೆ ಶ್ರಾವಣಕ್ಕೆ ಮೊದಲು ಮುಗಿಯಲಿ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಗೋಳಿನವು. ಮನೆ ತುಂಬ ಸಾಮಾನಿದೆ, ಕಿರಾಣಿ ಖರ್ಚು ಮಾತ್ರ ಇಳಿಯುತ್ತಿಲ್ಲ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ಮನೆಯಲ್ಲಿ ನಾವು ನಾಲ್ಕು ಜನ. ಕಿರಾಣಿ, ತರಕಾರಿ, ಮೀನು ಸೇರಿ ತಿಂಗಳಿಗೆ 11,000 ರೂಪಾಯಿ ದಾಟುತ್ತದೆ. ಮೀನುಗಾರಿಕೆ ಬಂದ್ ಆಗುವ ಮೊದಲು, ಮೇ ಕೊನೆಯಲ್ಲಿ, ಬಂಗಡೆ, ಸಿಗಡಿ, ಇಸೋಣ (ಅಂಜಲ್ ಮೀನು) ತಂದು ಫ್ರೀಜರ್ ತುಂಬಿಸಿದ್ದೆ. ಈಗ ಜುಲೈ. ಅರ್ಧಕ್ಕಿಂತ ಜಾಸ್ತಿ ಹಾಗೇ ಇದೆ. ಆದರೂ ಭಾನುವಾರ ಸಂತೆಗೆ ಹೋದರೆ ಚೀಲ ತುಂಬಿಸಿಕೊಂಡೇ ಬರುತ್ತೇವೆ. ನಮ್ಮಲ್ಲಿ ಶ್ರಾವಣದಲ್ಲಿ ಮೀನು ಮಾಡುವುದಿಲ್ಲ. ಎಲ್ಲಿಂದ ಶುರು ಮಾಡಲಿ?
(ಗೃಹಿಣಿ, ಕೋಡಿಬಾಗ, ಕಾರವಾರ)

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿನಿಂದಲೇ ಶುರು ಮಾಡೋಣ. ಶ್ರಾವಣ.

ನಮ್ಮ ಅಜ್ಜಿಯಂದಿರು ಬೇಸಿಗೆಯಲ್ಲಿ ಅಟ್ಟ ತುಂಬಿಸುತ್ತಿದ್ದರು. ಒಣಮೀನು, ಹಪ್ಪಳ, ಮುರುಗಲು ಸಿಪ್ಪೆ, ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದ ಮೊಗೆಕಾಯಿ. ಅದೆಲ್ಲ ಮಳೆಗಾಲಕ್ಕೆ. ಚೌತಿ ಹೊತ್ತಿಗೆ ಅಟ್ಟ ಬರಿದಾಗಬೇಕು ಅನ್ನುವ ಲೆಕ್ಕ ಅವರ ತಲೆಯಲ್ಲಿತ್ತು. ನಾವು ಫ್ರೀಜರ್ ತುಂಬಿಸುವುದನ್ನು ಕಲಿತೆವು, ಯಾವಾಗ ಖಾಲಿ ಆಗಬೇಕು ಅನ್ನುವುದನ್ನು ಮಾತ್ರ ಇಟ್ಟುಕೊಳ್ಳಲಿಲ್ಲ. ನಿಮಗೆ ಆ ದಿನಾಂಕ ತಾನಾಗಿಯೇ ಸಿಕ್ಕಿದೆ. ಶ್ರಾವಣಕ್ಕೆ ಮೊದಲು ಮೀನು ಮುಗಿಯಬೇಕು.

ಇದು ಬರೀ ಸಂಪ್ರದಾಯದ ಮಾತಲ್ಲ. ಬಂಗಡೆ, ತಾರ್ಲೆಯಂಥ ಮೀನಿನಲ್ಲಿ ಕೊಬ್ಬು ಜಾಸ್ತಿ. ಫ್ರೀಜರ್ ಒಳಗೂ ಆ ಕೊಬ್ಬು ನಿಧಾನವಾಗಿ ಕಮಟಾಗುತ್ತದೆ. ಫ್ರೀಜರ್ ಮೈನಸ್ 18 ಡಿಗ್ರಿ ಇದ್ದರೆ ಎರಡು ಮೂರು ತಿಂಗಳು ರುಚಿ ನಿಲ್ಲುತ್ತದೆ, ಅಷ್ಟೇ. ಮೇ ಕೊನೆಯಲ್ಲಿ ಇಟ್ಟದ್ದು ಜುಲೈ ಕೊನೆಗೆ ಎರಡು ತಿಂಗಳಾಯಿತು. ಶ್ರಾವಣ ಕಳೆದು ಚೌತಿಯೂ ಆಗುವಷ್ಟರಲ್ಲಿ ಮೂರು ದಾಟಿರುತ್ತದೆ. ಆಗ ಅದನ್ನು ತಿಂದರೆ ಅಪಾಯ ಅಂತಲ್ಲ. ಆದರೆ ಮನೆಯವರು ಒಂದು ತುತ್ತು ತಿಂದು ಮುಖ ಸಿಂಡರಿಸುತ್ತಾರೆ, ನೀವು ಹೊಸ ಮೀನು ತರುತ್ತೀರಿ, ದುಡ್ಡು ಎರಡು ಸಲ ಖರ್ಚಾಗುತ್ತದೆ. ಇಸೋಣದ ತುಂಡು, ಸಿಗಡಿ ಸ್ವಲ್ಪ ಹೆಚ್ಚು ದಿನ ತಡೆಯುತ್ತವೆ. ಹಾಗಾಗಿ ಬಂಗಡೆ ಮೊದಲು, ಉಳಿದೆರಡು ಆಮೇಲೆ. ಹೆಚ್ಚಿನ ಮನೆಗಳಲ್ಲಿ ಇದು ಉಲ್ಟಾ ನಡೆಯುತ್ತದೆ. ಇಸೋಣ ಎಲ್ಲರಿಗೂ ಪ್ರೀತಿ, ಅದು ಮೊದಲ ವಾರವೇ ತವೆ ಏರುತ್ತದೆ. ಪಾಪದ ಬಂಗಡೆ ತಳದಲ್ಲಿ ಕೂತಿರುತ್ತದೆ!

ಒಂದು ಮಧ್ಯಾಹ್ನ ಹದಿನೈದು ನಿಮಿಷ ಬಿಡುವು ಮಾಡಿಕೊಳ್ಳಿ. ಹಳೇ ಪೇಪರ್ ಹಾಸಿ ಫ್ರೀಜರ್‌ನಲ್ಲಿದ್ದ ಎಲ್ಲವನ್ನೂ ಹೊರಗಿಡಿ. ಏನಿದೆ, ಎಷ್ಟು ಹೊತ್ತಿನ ಅಡುಗೆಗೆ ಸಾಕು ಅಂತ ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಕಿಲೋ ಲೆಕ್ಕ ಬೇಡ, ಊಟದ ಲೆಕ್ಕ ಸಾಕು. "ಬಂಗಡೆ, 3 ಊಟ" ಅಂದರೆ ತಕ್ಷಣ ಅರ್ಥವಾಗುತ್ತದೆ. ಬಳಸಿದ ಹಾಗೆ ಒಂದೊಂದು ಗೆರೆ ಹೊಡೆಯಿರಿ. ಗುರುತು ಸಿಗದ ಪೊಟ್ಟಣ ಕೂಡ ಸಿಗುತ್ತದೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮನೆಯಲ್ಲಿ ಐಸ್‌ಕ್ರೀಂ ಡಬ್ಬಿ ಕಂಡು ಕುಣಿದ ಮೊಮ್ಮಗನಿಗೆ ಅದರೊಳಗೆ ಸಿಕ್ಕಿದ್ದು ಮೀನಿನ ಮಸಾಲೆ. ಅವತ್ತಿನಿಂದ ನಾನು ಡಬ್ಬಿ ಮೇಲೆ ಹೆಸರು, ತಾರೀಕು ಬರೆಯದೆ ಏನನ್ನೂ ಒಳಗಿಡುವುದಿಲ್ಲ.

ಇನ್ನು ಅಡುಗೆ. ತಿಂಗಳುಗಟ್ಟಲೆ ಫ್ರೀಜರ್‌ನಲ್ಲಿದ್ದ ಬಂಗಡೆಯನ್ನು ತವೆ ಮೇಲೆ ಹುರಿಯಬೇಡಿ. ನೀರು ಬಿಟ್ಟುಕೊಂಡು ಒಣಒಣ ಆಗುತ್ತದೆ. ಹುಳಿ, ಖಾರ ಮುಂದಾಗಿ ಪಳದಿ (ಮೀನುಸಾರು) ಮಾಡಿ, ನಾಲ್ಕು ಜುಮ್ಮನಕಾಯಿ (ತಿರ್ಫಳ) ಹಾಕಿ. ಮೀನು ಹಳೆಯದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಸಿಗಡಿಯನ್ನು ಒಂದೇ ಸಲ ಪೂರ್ತಿ ಮುಗಿಸುವ ಬದಲು ಒಂದು ಹಿಡಿ ಹಲಸಿನ ಬೀಜದ ಜೊತೆ, ಇನ್ನೊಂದು ಹಿಡಿ ಬಸಳೆ ಜೊತೆ ಹಾಕಿ. ಒಂದು ಪೊಟ್ಟಣ ಎರಡು ದಿನಕ್ಕೆ ಬರುತ್ತದೆ. ಹಲಸಿನ ಬೀಜ ಮನೆಯಲ್ಲೇ ಇರುತ್ತದೆ ಅಲ್ವಾ?

ಮೀನನ್ನು ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ತೆಗೆದು ಫ್ರಿಜ್‌ನ ಕೆಳಗಿನ ಖಾನೆಯಲ್ಲಿ ಪಾತ್ರೆಯೊಳಗಿಡಿ. ಅಡುಗೆ ಕಟ್ಟೆ ಮೇಲೆ ಬೆಳಗಿನಿಂದ ಬಿಡಬೇಡಿ. ಬಂಗಡೆಯ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಸೆಖೆಯಲ್ಲಿ ಹೊರಗಿಟ್ಟ ಬಂಗಡೆಯಲ್ಲಿ ಹಿಸ್ಟಮಿನ್ ಅನ್ನುವ ಅಂಶ ಹೆಚ್ಚುತ್ತದೆ. ಒಮ್ಮೆ ಅದು ಬಂತೆಂದರೆ ಕುದಿಸಿದರೂ ಹೋಗುವುದಿಲ್ಲ, ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗುತ್ತದೆ, ಬಾಯಿ ಚುರುಚುರು ಅನ್ನುತ್ತದೆ, ಮೈ ತುರಿಸುತ್ತದೆ. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಡಾಕ್ಟರ ಫೀಸು ಕೊಡುವುದು ಬೇಡ.

ಈಗ ಸಂತೆಯ ಚೀಲದ ವಿಷಯ. ಸಂತೆಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ, ನೀವು ಕೇಳುವುದೂ ಇಲ್ಲ. ಹೊರಡುವ ಮೊದಲು ಚೀಟಿಯನ್ನು ಬೇರೆ ಥರ ಬರೆಯಿರಿ. "ಏನು ಬೇಕು" ಅಂತ ಬರೆಯಬೇಡಿ, "ಏನು ಮುಗಿಸಬೇಕು" ಅಂತ ಬರೆಯಿರಿ. ಅದರ ಪಕ್ಕದಲ್ಲಿ ಅದಕ್ಕೆ ಕಡಿಮೆ ಬಿದ್ದದ್ದನ್ನು ಬರೆಯಿರಿ. ಬಂಗಡೆ ಮುಗಿಯಬೇಕು, ಕಾಯಿ ಬೇಕು. ಸಿಗಡಿ ಮುಗಿಯಬೇಕು, ಬಸಳೆ ಬೇಕು. ಅರ್ಧ ಪ್ಯಾಕೆಟ್ ಹೆಸರುಬೇಳೆ ಮುಗಿಯಬೇಕು, ಒಂದು ಸೌತೆಕಾಯಿ ಬೇಕು. ಚೀಟಿ ಇಷ್ಟಕ್ಕೇ ಮುಗಿಯುತ್ತದೆ. ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ನಾಡದೋಣಿಯವರು ತರುವ ಮೀನಿಗೆ ಬೆಲೆ ಏರಿರುತ್ತದೆ. ಇದೇ ಹೊತ್ತಿನಲ್ಲಿ ಫ್ರೀಜರ್ ಖಾಲಿ ಮಾಡಿದರೆ ಉಳಿತಾಯ ಕಣ್ಣಿಗೆ ಕಾಣುತ್ತದೆ.

ಶ್ರಾವಣದ ತಿಂಗಳಲ್ಲಿ ಖಾಲಿಯಾದ ಜಾಗಕ್ಕೆ ಏನು ಅಂತ ಕೇಳಬೇಡಿ! ಫ್ರೀಜರ್ ತೊಳೆದು, ಕಟ್ಟಿದ ಮಂಜುಗಡ್ಡೆ ಕರಗಿಸಿ. ಮಂಜು ದಪ್ಪಗೆ ಕಟ್ಟಿದ್ದರೆ ಕರೆಂಟ್ ಬಿಲ್ಲೂ ಏರುತ್ತದೆ.

ಪ್ರಶ್ನೆ: ನಮ್ಮದು ಸಿಂಗಲ್ ಡೋರ್ ಫ್ರಿಜ್, ಐದು ನಕ್ಷತ್ರದ್ದು. ಆದರೂ ಐಸ್‌ಕ್ರೀಂ ಗಟ್ಟಿ ನಿಲ್ಲುವುದಿಲ್ಲ. ಮೀನು ಎಷ್ಟು ದಿನ ಇಡಬಹುದು?
(ಓದುಗರೊಬ್ಬರು, ಅಂಕೋಲಾ)

ಉತ್ತರ: ಬಾಗಿಲ ಮೇಲಿನ ಆ ನಕ್ಷತ್ರಗಳು ಕರೆಂಟ್ ಎಷ್ಟು ಉಳಿಯುತ್ತದೆ ಅನ್ನುವುದಕ್ಕೆ. ಫ್ರೀಜರ್ ಎಷ್ಟು ತಣ್ಣಗಿದೆ ಅನ್ನುವುದಕ್ಕಲ್ಲ. ಐಸ್‌ಕ್ರೀಂ ಮೆತ್ತಗಾಗುತ್ತಿದೆ ಅಂದರೆ ಒಳಗೆ ಮೈನಸ್ 18 ಇಲ್ಲ. ಮೇಲೆ ಹೇಳಿದ ತಿಂಗಳ ಲೆಕ್ಕ ನಿಮಗೆ ಹೊಂದುವುದಿಲ್ಲ. ಮೀನನ್ನು ವಾರದೊಳಗೆ ಮುಗಿಸಿ, ದಾಸ್ತಾನು ಮಾಡಲೇಬೇಡಿ. ನಿಮಗೆ ಒಣಮೀನೇ ಲಾಭ.

ಪ್ರಶ್ನೆ: ನಾವು ಶಿರಸಿ ಕಡೆಯವರು, ಮೀನಿನ ರಗಳೆ ಇಲ್ಲ. ನಮ್ಮ ಸಮಸ್ಯೆ ಕಪಾಟಿನದು. ಅರ್ಧರ್ಧ ಉಳಿದ ಬೇಳೆಕಾಳು ಹತ್ತು ಡಬ್ಬಿ. ಕೆಲವಕ್ಕೆ ಹುಳ ಬರುತ್ತಿದೆ. ಹಳೇ ಕಡಲೆ ಎಷ್ಟು ಸೀಟಿ ಹೊಡೆಸಿದರೂ ಬೇಯುವುದಿಲ್ಲ. ಭರಣಿಯಲ್ಲಿ ಎರಡು ವರ್ಷದ ಉಪ್ಪುಸೊಳೆ (ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಇದೆ. ಎಸೆಯಲು ಮನಸ್ಸಿಲ್ಲ.
(ಕೃಷಿಕ ಮಹಿಳೆ, ಶಿರಸಿ ತಾಲೂಕು)

ಉತ್ತರ: ಎಸೆಯಬೇಡಿ. ಆದರೆ ಎಲ್ಲವನ್ನೂ ಉಳಿಸಿಕೊಳ್ಳುವ ಹಟವೂ ಬೇಡ.

ಹುಳದಿಂದ ಶುರು ಮಾಡೋಣ. ಮಳೆಗಾಲದಲ್ಲಿ ಬಿಸಿಲೇ ಇಲ್ಲ, ಒಣಗಿಸುವುದೆಲ್ಲಿ? ರವೆ, ಹಿಟ್ಟು, ಕಾಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದಂತೆ ಕಟ್ಟಿ ನಾಲ್ಕು ದಿನ ಗಟ್ಟಿ ಫ್ರೀಜರ್‌ನಲ್ಲಿ, ಅಂದರೆ ಮೈನಸ್ 18 ಡಿಗ್ರಿ ಇರುವುದರಲ್ಲಿ, ಇಡಿ. ಹುಳವೂ ಸಾಯುತ್ತದೆ, ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ಮೇಲೆ ಚೀಲ ಬಿಚ್ಚದೆ ಮನೆಯ ಬಿಸಿಗೆ ಬರುವವರೆಗೆ ಬಿಡಿ. ತಣ್ಣಗಿರುವಾಗಲೇ ಬಿಚ್ಚಿದರೆ ನೀರಿನ ಪಸೆ ಹಿಡಿದು ಬೂಸ್ಟು ಬರುತ್ತದೆ. ಆಮೇಲೆ ಜರಡಿ ಹಿಡಿದು ಬಳಸಿ. ಹುಳ ಒಂದೆರಡಿದ್ದರೆ ಇದು ಸರಿ. ಹಿಟ್ಟೆಲ್ಲ ಬಲೆ ಕಟ್ಟಿ ವಾಸನೆ ಬಂದಿದ್ದರೆ ದನಕ್ಕೂ ಬೇಡ, ಗೊಬ್ಬರದ ಗುಂಡಿಗೆ ಹಾಕಿ.

ಹಳೇ ಕಾಳಿನ ಸಿಪ್ಪೆ, ತಿರುಳು ಎರಡೂ ವರ್ಷ ಕಳೆದಂತೆ ಗಟ್ಟಿಯಾಗುತ್ತವೆ. ಸೀಟಿ ಜಾಸ್ತಿ ಮಾಡಿದರೆ ಗ್ಯಾಸ್ ಖರ್ಚಾಗುತ್ತದೆಯೇ ಹೊರತು ಕಾಳು ಬೇಯುವುದಿಲ್ಲ. ರಾತ್ರಿಯಿಡೀ, ಹತ್ತು ಹನ್ನೆರಡು ಗಂಟೆ, ಉಪ್ಪುನೀರಿನಲ್ಲಿ ನೆನೆಸಿ. ಬೇಯಿಸುವಾಗ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಹುಣಸೆಹಣ್ಣು, ಟೊಮೆಟೊ, ಮುರುಗಲು ಯಾವುದನ್ನೂ ಕಾಳು ಮೆತ್ತಗಾಗುವವರೆಗೆ ಹಾಕಬೇಡಿ. ಹುಳಿ ಬಿದ್ದರೆ ಕಾಳು ಬಿರುಸಾಗಿಯೇ ಉಳಿಯುತ್ತದೆ.

ಹತ್ತು ಡಬ್ಬಿಯ ಚೂರುಪಾರು ಬೇಳೆಗೆ ನನ್ನ ಉಪಾಯ ಒಂದೇ. ತೊಗರಿ, ಹೆಸರು, ಉದ್ದು, ಕಡಲೆ, ಎಲ್ಲವನ್ನೂ ಸೇರಿಸಿ ಎರಡು ಲೋಟ, ಅಕ್ಕಿ ಎರಡು ಲೋಟ, ಮೆಂತೆ ಒಂದು ಚಮಚ. ನಾಲ್ಕು ಗಂಟೆ ನೆನೆಸಿ ರುಬ್ಬಿ, ಆಗಲೇ ದೋಸೆ ಹೊಯ್ಯಿರಿ. ಹುಳಿ ಬರುವುದನ್ನು ಕಾಯಬೇಕಿಲ್ಲ. ತೆಳ್ಳೇವು ದೋಸೆಯಷ್ಟು ನಯ ಬರುವುದಿಲ್ಲ, ನಿಜ. ಆದರೆ ಜೋನಿಬೆಲ್ಲ, ತುಪ್ಪ ಇದ್ದರೆ ಯಾರು ನಯ ನೋಡುತ್ತಾರೆ? ಎರಡು ವಾರ ಹೀಗೆ ಮಾಡಿದರೆ ಡಬ್ಬಿ ಹತ್ತರಿಂದ ನಾಲ್ಕಕ್ಕೆ ಇಳಿಯುತ್ತದೆ. ಆ ನಾಲ್ಕು ಮುಗಿಯುವವರೆಗೆ ಹೊಸ ಬೇಳೆ ತರಬೇಡಿ, ಅಂಗಡಿಯಲ್ಲಿ ಎಷ್ಟೇ ಅಗ್ಗವಿರಲಿ. ಒಂದಕ್ಕೊಂದು ಉಚಿತ ಅಂತ ತಂದದ್ದೇ ಅಲ್ವಾ ಆ ಡಬ್ಬಿಗಳಲ್ಲಿ ಅರ್ಧ?

ಉಪ್ಪುಸೊಳೆ ಭರಣಿಯ ಮುಚ್ಚಳ ತೆಗೆದು ನೋಡಿ. ಉಪ್ಪುನೀರಿನ ಮೇಲೆ ತೆಳುವಾದ ಬಿಳಿ ಪೊರೆ ಇದ್ದರೆ ಹೆದರಬೇಡಿ, ತೆಗೆದುಹಾಕಿ. ಸೊಳೆ ಗಟ್ಟಿಯಾಗಿದ್ದು ಹುಳಿ ವಾಸನೆ ಮಾತ್ರ ಇದ್ದರೆ ಬಳಸಬಹುದು. ಕಪ್ಪು, ಹಸಿರು, ಗುಲಾಬಿ ಬಣ್ಣ ಬಂದಿದ್ದರೆ, ಮುಟ್ಟಿದರೆ ಲೋಳೆಲೋಳೆ ಅನ್ನಿಸಿದರೆ ಎಸೆಯಿರಿ. ಒಳ್ಳೆಯದಿದ್ದರೆ ಎರಡು ಮೂರು ಸಲ ನೀರು ಬದಲಿಸಿ ಉಪ್ಪು ಬಿಡಿಸಿ ಪಲ್ಯಕ್ಕೋ ಹುಳಿಗೋ ಹಾಕಿ. ಹುಳಿ ಮಾಡುವಾಗ ಬೇರೆ ಉಪ್ಪು ಕೊನೆಯಲ್ಲಿ, ರುಚಿ ನೋಡಿ. ನಾನೇ ಒಮ್ಮೆ ಮರೆತು ಇಡೀ ಪಾತ್ರೆಯನ್ನು ಸಮುದ್ರದ ನೀರು ಮಾಡಿದ್ದೇನೆ.

ಕಾಯಿಯ ಬೆಲೆ ಈಗ ನಿಮಗೂ ಬಿಸಿ ಮುಟ್ಟಿಸಿರಬಹುದು. ವಾರಕ್ಕೆರಡು ದಿನ ಮೆಂತೆ ತಂಬುಳಿ, ಜೀರಿಗೆ ತಂಬುಳಿ ಮಾಡಿ. ಸಾಂಬಾರಿಗೆ ಅರ್ಧ ಕಡಿ ಕಾಯಿ ಬೇಕಾದರೆ ತಂಬುಳಿಗೆ ಒಂದು ಹಿಡಿ ತುರಿ ಸಾಕು. ಉಳಿದ ಕಡಿಯನ್ನು ತುರಿದು, ಒಂದು ಹೊತ್ತಿಗೆ ಬೇಕಾದಷ್ಟನ್ನೇ ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಫ್ರೀಜರ್‌ನಲ್ಲಿಡಿ. ಕಡಿ ಹಾಗೇ ಇಟ್ಟು ಮೂರನೇ ದಿನ ಜಾರು ಬಂದು ಎಸೆಯುವುದು ತಪ್ಪುತ್ತದೆ.

ಪ್ರಶ್ನೆ: ಕೆಲಸಕ್ಕಾಗಿ ಕಾರವಾರದಲ್ಲಿ ರೂಮು ಮಾಡಿಕೊಂಡಿದ್ದೇನೆ. ಕಪಾಟಿನಲ್ಲಿ "ಬೆಸ್ಟ್ ಬಿಫೋರ್" ದಾಟಿದ ಶ್ಯಾವಿಗೆ, ಮಸಾಲೆ ಪುಡಿ, ಶೇಂಗಾ ಇವೆ. ತಿನ್ನಬಹುದಾ?
(25 ವರ್ಷದ ಯುವಕ)

ಉತ್ತರ: ಮೂರಕ್ಕೂ ಬೇರೆ ಬೇರೆ ಉತ್ತರ. "ಬೆಸ್ಟ್ ಬಿಫೋರ್" ಅಂದರೆ ಆ ದಿನದವರೆಗೆ ರುಚಿ, ಪರಿಮಳ ಚೆನ್ನಾಗಿರುತ್ತದೆ ಅಂತ. "ಎಕ್ಸ್‌ಪೈರಿ" ಅಥವಾ "ಯೂಸ್ ಬೈ" ಅಂತ ಇದ್ದರೆ ಆ ದಿನ ದಾಟಿದ್ದನ್ನು ಮುಟ್ಟಬೇಡಿ. ಶ್ಯಾವಿಗೆ ಒಣಗಿದ್ದು ಹುಳ, ಮುಗ್ಗಲು ವಾಸನೆ ಇಲ್ಲದಿದ್ದರೆ ಉಪ್ಪಿಟ್ಟು ಮಾಡಿ. ಮಸಾಲೆ ಪುಡಿ ಕಮ್ಮಗಿರುವುದಿಲ್ಲ, ಅಷ್ಟೇ. ಸ್ವಲ್ಪ ಜಾಸ್ತಿ ಹಾಕಿ. ಶೇಂಗಾದಲ್ಲಿ ಮಾತ್ರ ಔದಾರ್ಯ ಬೇಡ. ಬೂಸ್ಟು ಹಿಡಿದ ಶೇಂಗಾ, ಕೊಬ್ಬರಿಯಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಸೇರಿರಬಹುದು, ಅದು ಲಿವರ್‌ಗೆ ಕೆಟ್ಟದ್ದು. ತೊಳೆದು ಹುರಿದರೂ ಪೂರ್ತಿ ಹೋಗುವುದಿಲ್ಲ. ಕೆಟ್ಟವನ್ನು ಆರಿಸಿ ತೆಗೆಯುತ್ತೇನೆ ಅನ್ನಬೇಡಿ, ಪ್ಯಾಕೆಟ್ಟನ್ನೇ ಎಸೆಯಿರಿ.

ಪ್ರಶ್ನೆ: ಗಾಳಿಮಳೆಗೆ ನಮ್ಮಲ್ಲಿ ಇಡೀ ದಿನ ಕರೆಂಟ್ ಇರುವುದಿಲ್ಲ. ಫ್ರೀಜರ್‌ನಲ್ಲಿದ್ದದ್ದನ್ನು ಎಸೆಯಬೇಕಾ?
(ಓದುಗರೊಬ್ಬರು, ಕುಮಟಾ)

ಉತ್ತರ: ಬಾಗಿಲು ತೆಗೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು ಸುಮಾರು 24 ಗಂಟೆ ತಣ್ಣಗಿರುತ್ತದೆ. ಇದು ಗಟ್ಟಿ ಫ್ರೀಜರ್‌ನ ಲೆಕ್ಕ. ಸಿಂಗಲ್ ಡೋರ್‌ನ ಪುಟ್ಟ ಖಾನೆ ಇಷ್ಟು ತಡೆಯುವುದಿಲ್ಲ. ಕೆಳಗಿನ ಫ್ರಿಜ್‌ಗೆ ನಾಲ್ಕು ಗಂಟೆ ಮಾತ್ರ. ಊರಿಗೆ ಹೋಗುವಾಗ ಒಂದು ಬಟ್ಟಲು ನೀರು ಗಡ್ಡೆ ಕಟ್ಟಿಸಿ ಅದರ ಮೇಲೊಂದು ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ತಳ ಸೇರಿ ಗಡ್ಡೆಯಾಗಿದ್ದರೆ ನಡುವೆ ಎಲ್ಲವೂ ಕರಗಿತ್ತು ಅಂತ ಅರ್ಥ. ಮೀನು, ಕೋಳಿ ಎಸೆಯಿರಿ. ನಾಣ್ಯ ಮೇಲೇ ಇದ್ದರೆ ನಿಶ್ಚಿಂತೆ.

ಪ್ರಶ್ನೆ: ಅತ್ತೆಯವರು ಉಳಿದ ಅನ್ನವನ್ನು ಎಸೆಯಲು ಬಿಡುವುದಿಲ್ಲ. ರಾತ್ರಿಯ ಅನ್ನ ಹೊರಗೇ ಇಟ್ಟು ಬೆಳಿಗ್ಗೆ ಒಗ್ಗರಣೆ ಹಾಕುತ್ತಾರೆ. ಸರೀನಾ?
(ಓದುಗರೊಬ್ಬರು, ಹೊನ್ನಾವರ)

ಉತ್ತರ: ಎಸೆಯಬಾರದು ಅನ್ನುವುದರಲ್ಲಿ ಅತ್ತೆಯವರು ಸರಿ. ಹೊರಗಿಡುವುದರಲ್ಲಿ ಅಲ್ಲ. ಅನ್ನದಲ್ಲಿ ಬೇಯಿಸಿದರೂ ಸಾಯದ ಒಂದು ಬ್ಯಾಕ್ಟೀರಿಯಾದ ಬೀಜಕಣ ಇರುತ್ತದೆ. ರಾತ್ರಿಯಿಡೀ ಸೆಖೆಯಲ್ಲಿ ಅದು ಬೆಳೆದು ವಿಷ ಬಿಡುತ್ತದೆ. ಬೆಳಿಗ್ಗೆ ಒಗ್ಗರಣೆ ಹಾಕಿ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಊಟ ಮುಗಿದ ಕೂಡಲೇ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ, ಆರಿದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿಡಿ. ಎರಡು ಗಂಟೆ ದಾಟಬಾರದು. ಮರುದಿನವೇ ಮುಗಿಸಿ. ಹೀಗೆ ಹೇಳಿದರೆ ಬೇಜಾರಾಗಬಹುದು ಅನ್ನಿಸಿದರೆ ರಾತ್ರಿ ಪಾತ್ರೆ ತೊಳೆಯುವ ಕೆಲಸ ನೀವೇ ವಹಿಸಿಕೊಳ್ಳಿ. ಅನ್ನ ಫ್ರಿಜ್ ಸೇರಿದ್ದು ಅತ್ತೆಗೆ ಬೆಳಿಗ್ಗೆ ಗೊತ್ತಾದರೆ ಸಾಕು.