ಸ್ಕೋಪ್ ಇಲ್ಲದ್ದಕ್ಕೆ ನನ್ನ ಗುರಿ ತಪ್ಪಲಿಲ್ಲ

ಅಮೆರಿಕದ ಕೊಲೊರಾಡೊದಲ್ಲಿ ಮಸಲ್‌ಲೋಡರ್ (ನಳಿಗೆ ಬಾಯಿಂದ ಮದ್ದು, ಗುಂಡು ತುಂಬುವ ಕೋವಿ) ಬೇಟೆಯ ಸೀಸನ್‌ಗೆ ಸ್ಕೋಪ್, ಅಂದರೆ ಕೋವಿ ಮೇಲಿನ ದುರ್ಬೀನು, ಕೂಡದು ಅನ್ನುವುದು ಸರಿಯಾ, ಅದರಿಂದ ಜಿಂಕೆಗಳು ಗಾಯಗೊಂಡು ತಪ್ಪಿಸಿಕೊಳ್ಳುವುದು ಜಾಸ್ತಿ ಆಗಲ್ವಾ, ಯಾವ ಕೋವಿ ತಗೊಳ್ಳಲಿ ಅಂತ ಕೇಳಿದ್ದೀರಿ. ನಾನೂ ಇದೇ ವಾದ ಮಾಡಿಕೊಂಡು ಓಡಾಡಿದವನು. ಒಂದು ಜಿಂಕೆಯನ್ನು ಕೈಯಾರೆ ಕೆಡಿಸಿದ ಮೇಲೆ ಬಾಯಿ ಮುಚ್ಚಿದೆ.

ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ, ಊರು ತೀರ್ಥಹಳ್ಳಿ ಕಡೆ. ಅಜ್ಜನ ಹತ್ತಿರ ಬೆಳೆ ಕಾಯಲು ಲೈಸೆನ್ಸ್ ಇದ್ದ ಒಂದು ಕೇಪಿನ ಕೋವಿ ಇತ್ತು. ಎಲೆಕ್ಷನ್ ಬಂದಾಗೆಲ್ಲ ಅದನ್ನು ಗೋಣಿಯಲ್ಲಿ ಸುತ್ತಿ ಸ್ಟೇಷನ್‌ಗೆ ಕೊಟ್ಟು ಬರುತ್ತಿದ್ದರು. ನಳಿಗೆ ಬಾಯಿಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದ ಕಡ್ಡಿಯಲ್ಲಿ ಜಡಿಯುವುದನ್ನು ನೋಡಿಕೊಂಡೇ ಬೆಳೆದೆ. ಹಾಗಾಗಿ ಈ ಅಮೆರಿಕದವರು ನನಗೇನು ಹೇಳಿಕೊಡೋದು ಅನ್ನುವ ಕೊಬ್ಬು.

ಇಲ್ಲಿ ಅಕ್ಟೋಬರ್‌ನಲ್ಲಿ ಕೊಂಬಿಲ್ಲದ ಜಿಂಕೆಗೆ ಒಂದು ವಾರ ಮಸಲ್‌ಲೋಡರ್ ಸೀಸನ್ ಇರುತ್ತದೆ. ಅದಕ್ಕೆ ಇನ್‌ಲೈನ್ ಕೋವಿ (ಮದ್ದಿನ ನೇರ ಹಿಂದೆಯೇ ಕಿಡಿ ಹೊತ್ತುವ ಹೊಸ ನಮೂನೆಯದು), ಸ್ಕೋಪ್ ಎಲ್ಲಾ ನಡೆಯುತ್ತದೆ. ನನ್ನದು 50 ಕ್ಯಾಲಿಬರ್ ಇನ್‌ಲೈನ್. 50 ಗ್ರೇನ್‌ನ (ಗ್ರೇನ್ ಅಂದರೆ ಮದ್ದು, ಗುಂಡು ಅಳೆಯುವ ಸಣ್ಣ ತೂಕ) ಎರಡು ಪೆಲೆಟ್, ಅಂದರೆ ಗುಳಿಗೆ ಮಾಡಿದ ಮದ್ದು ಹಾಕುವುದು, ಸೇಬೋ ಅನ್ನುವ ಪ್ಲಾಸ್ಟಿಕ್ ಕವಚ ತೊಡಿಸಿದ 250 ಗ್ರೇನ್ ಗುಂಡು ಇಳಿಸುವುದು, ಅಷ್ಟೇ ಕೆಲಸ. ಅಳೆಯುವ ತಾಪತ್ರಯವೂ ಇಲ್ಲ.

ಆಮೇಲೆ ಕೊಲೊರಾಡೊದ ಡ್ರಾನಲ್ಲಿ (ಲಾಟರಿ ಎತ್ತಿ ಕೊಡುವುದು) ಟ್ಯಾಗ್, ಅಂದರೆ ಒಂದು ಜಿಂಕೆ ಹೊಡೆಯುವ ಪರವಾನಗಿ, ಸಿಕ್ಕಿತು. ಅಲ್ಲಿ ಸ್ಕೋಪ್ ಇಲ್ಲ ಅಂತ ಗೊತ್ತಿತ್ತು. ಸ್ಕೋಪ್ ಬಿಚ್ಚಿ, ಕಬ್ಬಿಣದ ಸೈಟ್ ಹಾಕಿಸಿ, ಇಲ್ಲೇ ರೇಂಜ್‌ನಲ್ಲಿ ನೂರು ಯಾರ್ಡ್‌ಗೆ ಗುರಿ ಕೂರಿಸಿಕೊಂಡು ಹೊರಟೆ. ಎರಡು ದಿನ ಕಾರು ಓಡಿಸಿ ತಲುಪಿದಾಗ ಶುಕ್ರವಾರ ಸಂಜೆ. ಶನಿವಾರ ಸೀಸನ್ ಶುರು. ಅಂಗಡಿಗೆ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಕೇಪು) ತರಲು ಹೋದರೆ ಅಲ್ಲಿದ್ದ ಮುದುಕ ಏನು ಮದ್ದು ಹಾಕ್ತೀಯ ಅಂದ. ಹೇಳಿದೆ. ಪೆಲೆಟ್ಟೂ ಇಲ್ಲಿ ನಡೆಯಲ್ಲ, ಸೇಬೋನೂ ನಡೆಯಲ್ಲ, ಪುಡಿ ಮದ್ದೇ ಆಗಬೇಕು ಅಂದ. ನಿಯಮದ ಪುಸ್ತಕದಲ್ಲಿ ಸ್ಕೋಪ್ ಕೂಡದು ಅಂತ ಬರೆದ ಜಾಗದಲ್ಲೇ ಅದೂ ಇತ್ತು. ನಾನು ಸ್ಕೋಪ್ ಅನ್ನುವ ಪದ ಹುಡುಕಿ, ಸಿಕ್ಕ ಕೂಡಲೇ ಪುಸ್ತಕ ಮುಚ್ಚಿದ್ದೆ.

ಅದೂ ದೊಡ್ಡ ತಪ್ಪಲ್ಲ ಬಿಡಿ. ಒಂದು ಡಬ್ಬ ಪುಡಿ ಮದ್ದು, ಒಂದು ಪೊಟ್ಟಣ 385 ಗ್ರೇನ್‌ನ ಸೀಸದ ಗುಂಡು ತಗೊಂಡೆ. ಕೋವಿ ಅದೇ, ಸೈಟ್ ಅದೇ, ಮದ್ದೂ ಲೆಕ್ಕಕ್ಕೆ ಅದೇ 100 ಗ್ರೇನ್. ಆದರೆ ಗುಂಡಿನ ತೂಕ ಒಂದೂವರೆಪಟ್ಟು ಆಯಿತು. ತೂಕ ಹೆಚ್ಚಾದರೆ ಗುಂಡು ನಿಧಾನ, ನಿಧಾನವಾದರೆ ಬೇಗ ಕೆಳಗೆ ಇಳಿಯುತ್ತದೆ, ಇದು ಹೈಸ್ಕೂಲ್ ಹುಡುಗನಿಗೂ ಗೊತ್ತು. ನನಗೂ ಗೊತ್ತಿತ್ತು. ಶನಿವಾರ ಬೆಳಿಗ್ಗೆ ಎಲ್ಲಾದರೂ ಒಂದು ಕಾಗದದ ತಟ್ಟೆ ನಿಲ್ಲಿಸಿ ಐದು ಈಡು ಹೊಡೆದು ನೋಡಿದ್ದರೆ, ನಡುವೆ ನಳಿಗೆ ಒರೆಸುವುದೂ ಸೇರಿ ಮುಕ್ಕಾಲು ಗಂಟೆ ಆಗುತ್ತಿತ್ತು. ಹೊಡೆಯಲಿಲ್ಲ. ಸದ್ದಿಗೆ ಜಿಂಕೆ ಓಡಿಹೋದರೆ ಅನ್ನುವ ಭಯ ಒಂದು, ಮೊದಲ ದಿನದ ಬೆಳಗು ಹಾಳಾಗುತ್ತದೆ ಅನ್ನುವ ದುರಾಸೆ ಇನ್ನೊಂದು. ಟೆಂಟ್‌ನಲ್ಲಿ ಮಲಗಿಕೊಂಡು, ಎರಡು ಇಂಚು ವ್ಯತ್ಯಾಸ ಬರಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ಎರಡು ಇಂಚು ಎಲ್ಲಿಂದ ತಂದೆನೋ ಗೊತ್ತಿಲ್ಲ.

ಮೂರನೇ ದಿನ ಬೆಳಿಗ್ಗೆ ಒಂದು ಗಂಡು ಮ್ಯೂಲ್ ಡೀರ್ (ಆ ಕಡೆಯ ಜಿಂಕೆ) ಅಡ್ಡವಾಗಿ ನಿಂತಿತ್ತು, 110 ಯಾರ್ಡ್. ಕೈ ಅಲ್ಲಾಡಲಿಲ್ಲ, ಸೈಟ್ ಚೆನ್ನಾಗಿ ಕಾಣುತ್ತಿತ್ತು. ಹೊಗೆ ತಿಳಿಯಾದಾಗ ಅದು ಮುಂಗಾಲು ಎಳೆದುಕೊಂಡು ಓಡುತ್ತಿತ್ತು. ಆಸ್ಪೆನ್ ಮರದ ಹಳದಿ ಎಲೆಗಳ ಮೇಲೆ ರಕ್ತ ಬಿದ್ದರೆ ದೂರದಿಂದಲೂ ಕಾಣುತ್ತದೆ, ಕುಂಕುಮ ಇಟ್ಟಂತೆ. ಮೊದಲು ಹೆಜ್ಜೆಗೊಂದು ಹನಿ, ಆಮೇಲೆ ಹತ್ತು ಹೆಜ್ಜೆಗೊಂದು. ಕತ್ತಲಾಗುವ ತನಕ ಹುಡುಕಿದೆ, ಮಾರನೇ ದಿನ ಇಡೀ ಹುಡುಕಿದೆ. ಸಿಗಲಿಲ್ಲ. ಟ್ಯಾಗ್ ಜೇಬಲ್ಲೇ ಇಟ್ಟುಕೊಂಡು ವಾಪಸ್ ಬಂದೆ.

ಮನೆಗೆ ಬಂದು ಅದೇ ಪುಡಿ, ಅದೇ ಗುಂಡು ಹಾಕಿ ರೇಂಜ್‌ನಲ್ಲಿ ಹೊಡೆದೆ. ನೂರು ಯಾರ್ಡ್‌ಗೆ ಹೆಚ್ಚುಕಡಿಮೆ ಒಂದು ಗೇಣು ಕೆಳಗೆ.

ಈಗ ಹೇಳಿ, ಸ್ಕೋಪ್ ಇದ್ದಿದ್ದರೆ ಏನಾಗುತ್ತಿತ್ತು? ಅದನ್ನೂ ಹಳೇ ಗುಂಡಿಗೇ ಕೂರಿಸಿರುತ್ತಿದ್ದೆ. ತಪ್ಪು ಜಾಗ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು, ಅಷ್ಟೇ. ಹಾಗಾಗಿ ಸ್ಕೋಪ್ ಇಲ್ಲದೆ ಗಾಯ ಜಾಸ್ತಿ ಅನ್ನುವ ನಿಮ್ಮ ಮಾತನ್ನು ನಾನು ಒಪ್ಪಲ್ಲ. ಸ್ಕೋಪ್ ಕೊಟ್ಟರೆ ಜನ ಅದೇ ನೂರು ಯಾರ್ಡ್‌ನಲ್ಲಿ ಇನ್ನೂ ಚೆನ್ನಾಗಿ ಹೊಡೆಯುತ್ತಾರೆ ಅಂದುಕೊಂಡಿದ್ದೀರಾ? ಇನ್ನೂರಕ್ಕೆ ಕೈ ಹಾಕುತ್ತಾರೆ. ಹತ್ತಿರ ಹೋಗಿ ಒಂದೇ ಈಡಿನಲ್ಲಿ ಹೊಡೆಯುವವರಿಗೆ ಅಂತ ಬೇರೆ ಸೀಸನ್ ಕೊಟ್ಟದ್ದು. ಕೋವಿ ತಯಾರಕ ಟೋನಿ ನೈಟ್ 1985ರಲ್ಲಿ ಎಂಕೆ-85 ಅನ್ನುವ ಇನ್‌ಲೈನ್ ತಂದ ಮೇಲೆ ಈ ಕೋವಿಗಳು ರೈಫಲ್‌ನ ತಮ್ಮಂದಿರಾಗಿಬಿಟ್ಟಿವೆ. ಯೂಟಾ 2016ರಲ್ಲಿ ದೊಡ್ಡದು ಮಾಡಿ ತೋರಿಸುವ ಸ್ಕೋಪ್‌ಗೆ ಒಪ್ಪಿ, 2024ರಲ್ಲಿ ಹಿಂದಕ್ಕೆ ತಗೊಂಡಿತು. ಒಂದು ಪವರ್‌ನ, ಅಂದರೆ ದೊಡ್ಡದು ಮಾಡದೆ ಇದ್ದಂತೆಯೇ ತೋರಿಸುವ ಸ್ಕೋಪ್ ಮಾತ್ರ ಬಿಟ್ಟಿದ್ದಾರೆ. ಕಣ್ಣು ಮಂಜಾದವರಿಗೆ ಅಷ್ಟು ಇರಲಿ, ನನಗೂ ಐವತ್ತು ದಾಟಿದೆ.

ಯಾವ ಕೋವಿ ಅಂತ ಈಗಲೇ ಕೇಳಬೇಡಿ. ಯಾವ ರಾಜ್ಯ, ಯಾವ ಸೀಸನ್ ಅನ್ನುವುದು ಮೊದಲು. ಇಡಾಹೋಗೆ ಹೋಗುವುದಾದರೆ ನನ್ನ ಕೋವಿ ಕೆಲಸಕ್ಕೇ ಬರಲ್ಲ, ಅಲ್ಲಿ ನನ್ನ ಕೋವಿಗೆ ಹಾಕುವ 209 ನಮೂನೆಯ ಪ್ರೈಮರ್ ಕೂಡದು. ಕೊಲೊರಾಡೊ ಅರ್ಜಿ ಏಪ್ರಿಲ್ ಶುರುವಿನಲ್ಲೇ ಮುಗಿದುಹೋಗುತ್ತದೆ, ಸೀಸನ್ ಸೆಪ್ಟೆಂಬರ್‌ಗೆ. ನಡುವೆ ಐದು ತಿಂಗಳಿದೆ. ಆ ರಾಜ್ಯದಲ್ಲಿ ನಡೆಯುವ ಮದ್ದು, ಗುಂಡು ತಗೊಂಡು ಅದರಲ್ಲೇ ಪ್ರಾಕ್ಟೀಸ್ ಮಾಡಿ.

ನಾನು ಈಗ ಕ್ರಿಸ್‌ಮಸ್ ಮಾರನೇ ದಿನ ಇಲ್ಲಿ ಶುರುವಾಗುವ ಫ್ಲಿಂಟ್‌ಲಾಕ್ ಸೀಸನ್‌ಗೆ ಹೋಗುತ್ತೇನೆ. 1974ರಿಂದ ನಡೆದು ಬಂದದ್ದು, ಬೆಣಚುಕಲ್ಲಿನ ಕಿಡಿಯಲ್ಲೇ ಹೊಡೆಯಬೇಕು. ಹೋದ ಸಲ ಹಿಮ ಸುರಿದು ಕೋವಿಯ ಕಿವಿಯ (ಕಿಡಿ ಬೀಳುವ ಜಾಗದ) ಮದ್ದು ಒದ್ದೆಯಾಗಿ ಎರಡು ಸಲ ಬರೀ ಟಿಕ್ ಅಂದಿತು. ಜಿಂಕೆ ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ಮೇಯತೊಡಗಿತು.